ಬೇಡ ಅಂದವರು ಯಾರು? ಸಲಿಂಗಪ್ರೇಮಿಗಳ ಹಕ್ಕಿನ ಕತೆಯನ್ನು ಮಗುವಿಗೆ ಹೇಳುವಾಗ

ಟಿವಿಯಲ್ಲಿ ಇಬ್ಬರು ಗಂಡಸರ ಮದುವೆಯ ಸುದ್ದಿ ಬರುತ್ತಿರುತ್ತದೆ. "ಅವರಿಬ್ಬರೂ ಮದುವೆ ಆಗಬಹುದಾ?" ಅನ್ನುತ್ತದೆ ಆರು ವರ್ಷದ ಮಗು. "ಕೆಲವು ದೇಶಗಳಲ್ಲಿ ಆಗಬಹುದು" ಎಂದು ಹೇಳಿ, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. "ಬೇರೆ ದೇಶದಲ್ಲಿ ಯಾಕಾಗಬಾರದು?" "ಅಲ್ಲಿ ಕಾನೂನು ಬಿಡಲ್ಲ." "ಹಾಗಂತ ಹೇಳಿದ್ದು ಯಾರು?" ಈ ಮೂರನೇ ಪ್ರಶ್ನೆಗೆ ಬರುವ ಹೊತ್ತಿಗೆ ದೊಡ್ಡವರ ಕೈ ರಿಮೋಟ್ ಹುಡುಕುತ್ತಿರುತ್ತದೆ.

ಮಗು ಕೇಳಿದ್ದು ಕಾನೂನಿನ ಬಗ್ಗೆ. ಅದರ ತಲೆಯಲ್ಲಿ ಮಲಗುವ ಕೋಣೆಯ ಯೋಚನೆಯೇ ಇಲ್ಲ. ಮಾತನ್ನು ಅಲ್ಲಿಗೆ ಎಳೆದುಕೊಂಡು ಹೋಗಿ, ಆಮೇಲೆ ಮುಜುಗರಪಡುವವರು ನಾವು. ಇದರಲ್ಲಿ ನಮ್ಮ ಪದದ ಪಾಲೂ ಇದೆ. ಪತ್ರಿಕೆಗಳು ದಶಕಗಳಿಂದ ಬರೆಯುತ್ತ ಬಂದ ‘ಸಲಿಂಗಕಾಮ’ ಎಂಬ ಪದ ಮೊದಲು ಕಾಮವನ್ನು ಮುಂದಿಡುತ್ತದೆ, ಮನುಷ್ಯರು ಆಮೇಲೆ. ಅಪ್ಪ ಅಮ್ಮನ ಮದುವೆಯನ್ನು ‘ಭಿನ್ನಲಿಂಗಕಾಮ’ ಎಂದು ಯಾರೂ ಮಗುವಿಗೆ ಪರಿಚಯ ಮಾಡಿಕೊಡುವುದಿಲ್ಲ. ಇಷ್ಟಪಟ್ಟರು, ಮದುವೆಯಾದರು, ಒಟ್ಟಿಗಿದ್ದಾರೆ ಅನ್ನುತ್ತೇವೆ. ಅದೇ ಮೂರು ಮಾತು ಇಲ್ಲಿಗೂ ಸಾಕು. ಅದಕ್ಕೇ ಈಚೆಗೆ ‘ಸಲಿಂಗಪ್ರೇಮ’ ಎಂಬ ಪದ ಬಳಕೆಗೆ ಬರುತ್ತಿರುವುದು ಒಳ್ಳೆಯದೇ ಆಯಿತು. ಅಂದಹಾಗೆ, ನಾವು ಅನುವಾದಿಸಿಕೊಂಡ ಮೂಲಪದ ‘ಹೋಮೋಸೆಕ್ಷುಯಲ್’ ಹುಟ್ಟಿದ್ದು ಬೈಗುಳವಾಗಿ ಅಲ್ಲ. 1869ರಲ್ಲಿ ಕಾರ್ಲ್ ಮರಿಯಾ ಕೆರ್ಟ್‌ಬೆನಿ ಎಂಬ ಬರಹಗಾರ, ಇಂಥವರನ್ನು ಜೈಲಿಗೆ ಹಾಕುವ ಪ್ರಶ್ಯಾದ ಕಾನೂನನ್ನು ವಿರೋಧಿಸಿ ತನ್ನ ಹೆಸರು ಹಾಕದೆ ಅಚ್ಚು ಮಾಡಿಸಿದ ಕರಪತ್ರಗಳಲ್ಲಿ ಅದನ್ನು ಮೊದಲ ಬಾರಿ ಅಚ್ಚಿಗೆ ತಂದ. ಹಕ್ಕು ಕೇಳಲೆಂದು ಕಟ್ಟಿದ ಪದವದು.

ಈ ಚರಿತ್ರೆಯನ್ನು ಮಗುವಿಗೆ ಕಾಗದಗಳ ಕತೆಯಾಗಿ ಹೇಳಬಹುದು ಎನ್ನುವುದು ನನ್ನ ವಾದ. ಯಾವ ಕಾಗದದಲ್ಲಿ ‘ಬೇಡ’ ಎಂದು ಬರೆದಿತ್ತು, ಅದನ್ನು ಬರೆದವರು ಯಾರು, ಅಳಿಸಿದವರು ಯಾರು, ಮತ್ತೆ ಬರೆದವರು ಯಾರು. ಕಾನೂನು ಒಂದು ಕಾಗದ, ಕೆಲಸದಿಂದ ತೆಗೆದ ಪತ್ರ ಒಂದು ಕಾಗದ, ಕಾಯಿಲೆಗಳ ಪಟ್ಟಿ ಒಂದು ಕಾಗದ, ಮರಣ ಪ್ರಮಾಣಪತ್ರ ಇನ್ನೊಂದು. ಮಕ್ಕಳಿಗೆ ದೇಹಶಾಸ್ತ್ರ ಗೊತ್ತಿರುವುದಿಲ್ಲ. ಆದರೆ ಆಟದಲ್ಲಿ ಒಬ್ಬನಿಗೊಂದು ರೂಲ್ಸು, ಇನ್ನೊಬ್ಬನಿಗೊಂದು ರೂಲ್ಸು ಇಟ್ಟರೆ "ಇದು ಮೋಸ" ಎಂದು ಕೂಗಲು ನಾಲ್ಕು ವರ್ಷವಾದರೆ ಸಾಕು.

ನಕಲು ಹೊಡೆದ ಕಾನೂನು

1533ರಲ್ಲಿ, ಎಂಟನೇ ಹೆನ್ರಿ ಇಂಗ್ಲೆಂಡಿನ ರಾಜನಾಗಿದ್ದಾಗ, ಅಲ್ಲಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಅದುವರೆಗೆ ಚರ್ಚಿನ ನ್ಯಾಯಾಲಯಗಳು ಪಾಪವೆಂದು ವಿಚಾರಿಸುತ್ತಿದ್ದ ಗಂಡಸರ ನಡುವಿನ ಸಂಬಂಧ ಸರ್ಕಾರದ ಲೆಕ್ಕದಲ್ಲಿ ಅಪರಾಧವಾಯಿತು, ಶಿಕ್ಷೆ ನೇಣು. ಈ ಕಾರಣಕ್ಕೆ ಅಲ್ಲಿ ಕೊನೆಯ ಬಾರಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ. ಮರಣದಂಡನೆ ಕಾನೂನಿನಿಂದ ಹೋದದ್ದು 1861ರಲ್ಲಿ, ಅಪರಾಧ ಮಾತ್ರ ಉಳಿಯಿತು. ಆರು ವರ್ಷದ ಮಗುವಿಗೆ ನೇಣಿನ ವಿವರ ಬೇಕಿಲ್ಲ, ‘ತುಂಬ ದೊಡ್ಡ ಶಿಕ್ಷೆ’ ಅಂದರೆ ಸುಳ್ಳೂ ಆಗುವುದಿಲ್ಲ, ರಾತ್ರಿ ನಿದ್ದೆಯೂ ಕೆಡುವುದಿಲ್ಲ.

ಮಗುವಿಗೆ ಹೇಳಲೇಬೇಕಾದ್ದು ಆಮೇಲಿನ ಸಂಗತಿ. ತರಗತಿಯಲ್ಲಿ ಒಬ್ಬ ಹುಡುಗ ತಪ್ಪು ಉತ್ತರ ಬರೆದಿದ್ದಾನೆ. ಪಕ್ಕದವನು ಅದನ್ನೇ ನಕಲು ಹೊಡೆದ, ಅವನ ಪಕ್ಕದವಳೂ ಹೊಡೆದಳು. ಕೊನೆಗೆ ಮೊದಲ ಹುಡುಗ ತನ್ನ ಉತ್ತರ ತಿದ್ದಿಕೊಂಡರೂ ಉಳಿದವರ ಪುಸ್ತಕದಲ್ಲಿ ತಪ್ಪು ಹಾಗೇ ಇದೆ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಆದದ್ದು ಹೆಚ್ಚೂಕಡಿಮೆ ಇದೇ. ಮೆಕಾಲೆ ಅಧ್ಯಕ್ಷನಾಗಿದ್ದ ಕಾನೂನು ಆಯೋಗದ ಕರಡಿನಿಂದ ಬೆಳೆದ ಭಾರತೀಯ ದಂಡ ಸಂಹಿತೆ 1860ರಲ್ಲಿ ಸಿದ್ಧವಾಯಿತು. ಅದರ ಸೆಕ್ಷನ್ 377 ‘ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ’ ಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿತು. ಸಿಂಗಪುರ, ಮಲೇಷ್ಯಾ, ಮ್ಯಾನ್ಮಾರ್, ಪಾಕಿಸ್ತಾನ, ಬಾಂಗ್ಲಾದೇಶಗಳ ವಸಾಹತು ಕಾಲದ ಕಾನೂನು ಪುಸ್ತಕ ತೆರೆದರೆ ಆ ವಿಧಿಯ ಸಂಖ್ಯೆಯೂ 377. ನಕಲು ಹೊಡೆದವರು ಪ್ರಶ್ನೆಯ ನಂಬರನ್ನೂ ಬದಲಾಯಿಸಿರಲಿಲ್ಲ! ಪೂರ್ವ ಆಫ್ರಿಕಾದ ವಸಾಹತುಗಳಿಗೂ ಬ್ರಿಟಿಷರು ಮೊದಲು ಒಯ್ದದ್ದು ಭಾರತದ ಸಂಹಿತೆಯನ್ನೇ.

ಮೊದಲು ಬರೆದವರು ಮಾತ್ರ ತಿದ್ದಿಕೊಂಡರು, ಅದೂ ಕಂತಿನಲ್ಲಿ. ಸರ್ ಜಾನ್ ವುಲ್ಫೆಂಡನ್ ಅಧ್ಯಕ್ಷತೆಯ ಸಮಿತಿ 1957ರಲ್ಲಿ ಇದನ್ನು ಅಪರಾಧವೆನ್ನಬಾರದು ಎಂದು ಕೊಟ್ಟ ಶಿಫಾರಸು ಕಾನೂನಾದದ್ದು 1967ರಲ್ಲಿ. ಅದೂ ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ, 21 ತುಂಬಿದವರಿಗೆ ಮಾತ್ರ, ನಾಲ್ಕು ಗೋಡೆಯೊಳಗೆ ಮಾತ್ರ. ಉತ್ತರ ಐರ್ಲೆಂಡಿಗೆ ಅದು ಬಂದದ್ದು 1982ರಲ್ಲಿ, ಅದೂ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತರಾಟೆಗೆ ತೆಗೆದುಕೊಂಡ ಮೇಲೆ. ಇದನ್ನು ‘ಪಾಶ್ಚಾತ್ಯರ ಹೊಸ ಚಾಳಿ’ ಎನ್ನುವವರು ಒಮ್ಮೆ ಈ ದಿನಾಂಕಗಳನ್ನು ನೋಡಬೇಕು. ಏಷ್ಯಾ ಮತ್ತು ಆಫ್ರಿಕಾದ ಬಹಳಷ್ಟು ದೇಶಗಳಿಗೆ ಹೊರಗಿನಿಂದ ಬಂದದ್ದು ಶಿಕ್ಷೆ.

"ಹುಡುಗಿಯರಿಗೂ ಶಿಕ್ಷೆ ಇತ್ತಾ?" ಎಂದು ಮಗು ಕೇಳಬಹುದು. ಬ್ರಿಟನ್ನಿನ ಕಾನೂನು ಹೆಂಗಸರ ಹೆಸರೆತ್ತಲೇ ಇಲ್ಲ. 1921ರಲ್ಲಿ ಅವರನ್ನೂ ಸೇರಿಸುವ ತಿದ್ದುಪಡಿ ಕೆಳಮನೆಯಲ್ಲಿ ಪಾಸಾಗಿತ್ತು. ಮೇಲ್ಮನೆ ಅದನ್ನು ತಿರಸ್ಕರಿಸಿತು. ಉದಾರತನದಿಂದ ಎಂದುಕೊಳ್ಳಬೇಡಿ. ಸಾವಿರಕ್ಕೆ ಒಬ್ಬಳು ಹೆಂಗಸಿಗೂ ಇಂಥದ್ದೊಂದು ಇದೆ ಎಂದು ಗೊತ್ತಿಲ್ಲ, ಕಾನೂನು ಮಾಡಿ ನಾವೇ ಯಾಕೆ ತಿಳಿಸಬೇಕು ಎಂಬ ಧಾಟಿಯ ವಾದ ಅಲ್ಲಿ ಗೆದ್ದಿತು. ಹೇಳಿದರೆ ಹರಡುತ್ತದೆ ಎಂಬ ಈ ನಂಬಿಕೆಯನ್ನು ನೆನಪಿಟ್ಟುಕೊಳ್ಳಿ. ಅರವತ್ತೇಳು ವರ್ಷದ ನಂತರ ಅದೇ ಪಾರ್ಲಿಮೆಂಟಿನಲ್ಲಿ ಅದು ಮಕ್ಕಳ ಹೆಸರಲ್ಲಿ ಮತ್ತೆ ಎದ್ದು ಬರುತ್ತದೆ.

ಹಾವು ಏಣಿ

ಮಕ್ಕಳಿಗೆ ಹೇಳುವ ಹಕ್ಕಿನ ಕತೆಗಳಿಗೆಲ್ಲ ಒಂದು ಚಟವಿದೆ: ಹಿಂದೆ ಜನ ಕೆಟ್ಟವರಿದ್ದರು, ಆಮೇಲೆ ಒಬ್ಬ ವೀರ ಬಂದ, ಈಗ ಎಲ್ಲ ಸರಿಹೋಗಿದೆ. ಈ ವಿಷಯದಲ್ಲಿ ಹಾಗೆ ಹೇಳಿದರೆ ಶುದ್ಧ ಸುಳ್ಳಾಗುತ್ತದೆ. ಹಾವು ಏಣಿ ಆಡಿದ ಮಗುವಿಗೆ ನಿಜವನ್ನೇ ಹೇಳಬಹುದು. ಏಣಿ ಹತ್ತಿ 98ಕ್ಕೆ ಬಂದು, ಹಾವಿನ ಬಾಯಿಗೆ ಬಿದ್ದು ಕೆಳಗಿಳಿಯುವ ಸಂಕಟ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಬರ್ಲಿನ್ನಿನ ಕತೆ ನೋಡಿ. 1867ರ ಆಗಸ್ಟಿನಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ನ್ಯಾಯಶಾಸ್ತ್ರಜ್ಞರ ಸಮ್ಮೇಳನ ನಡೆದಿತ್ತು. ಕಾರ್ಲ್ ಹೈನ್‌ರಿಕ್ ಉಲ್ರಿಕ್ಸ್ ಎಂಬ ವಕೀಲ ಎದ್ದುನಿಂತು, ಪ್ರೀತಿಗಾಗಿ ಜನರನ್ನು ಶಿಕ್ಷಿಸುವ ಕಾನೂನು ತೆಗೆಯಿರಿ ಎಂದ. ಸಭೆ ಕೂಗಾಡಿ ಅವನನ್ನು ಕೂರಿಸಿತು. ಮೂವತ್ತು ವರ್ಷದ ನಂತರ, 1897ರಲ್ಲಿ, ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ ಬರ್ಲಿನ್ನಿನಲ್ಲಿ ಇದಕ್ಕಾಗಿಯೇ ಒಂದು ಸಂಘಟನೆ ಕಟ್ಟಿದ. 1919ರಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯನ್ನೇ ತೆರೆದ. ಗ್ರಂಥಾಲಯವಿತ್ತು, ಚಿಕಿತ್ಸೆಯಿತ್ತು, ಇವತ್ತು ನಾವು ಟ್ರಾನ್ಸ್‌ಜೆಂಡರ್ ಎನ್ನುವವರಿಗೂ ಅಲ್ಲಿ ಜಾಗವಿತ್ತು. ಕಾನೂನು ಇನ್ನೇನು ಹೋಗಿಯೇಬಿಡುತ್ತದೆ ಎಂಬ ಆಸೆ ಚಿಗುರಿದ ಕಾಲವದು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳ ಗುಂಪು ನುಗ್ಗಿ ಸಂಸ್ಥೆಯನ್ನು ಲೂಟಿ ಮಾಡಿತು. ನಾಲ್ಕು ದಿನದ ನಂತರ ಊರ ಚೌಕದಲ್ಲಿ ಸುಟ್ಟ ಪುಸ್ತಕಗಳ ರಾಶಿಯಲ್ಲಿ ಅಲ್ಲಿನ ಗ್ರಂಥಾಲಯವೂ ಇತ್ತು.

ಎರಡು ವರ್ಷದಲ್ಲಿ ನಾಜಿಗಳು ಪ್ಯಾರಾಗ್ರಾಫ್ 175 ಎಂಬ ಹಳೆಯ ಕಾನೂನನ್ನು ಇನ್ನಷ್ಟು ಕಠಿಣ ಮಾಡಿದರು. ಸೆರೆಶಿಬಿರಗಳಲ್ಲಿ ಇಂಥ ಕೈದಿಗಳ ಅಂಗಿಗೆ ಗುಲಾಬಿ ತ್ರಿಕೋನ ಹೊಲಿಯುತ್ತಿದ್ದರು. ಶಿಬಿರದ ಮಾತನ್ನು ಎಷ್ಟನೇ ವಯಸ್ಸಿಗೆ ಹೇಳಬೇಕೆಂಬುದು ನಿಮ್ಮ ಮಗುವನ್ನು ನೋಡಿ ನೀವೇ ತೀರ್ಮಾನಿಸಬೇಕು, ನಾನಾದರೆ ಹತ್ತರ ನಂತರ ಹೇಳುತ್ತೇನೆ. ಆದರೆ ದೊಡ್ಡವರಿಗೇ ಗೊತ್ತಿಲ್ಲದ ಭಾಗ ಇದರ ಮುಂದಿದೆ. ಯುದ್ಧ ಮುಗಿಯಿತು, ಹಿಟ್ಲರ್ ಸತ್ತ, ಆದರೆ ಪಶ್ಚಿಮ ಜರ್ಮನಿ ನಾಜಿಗಳು ಬಿಗಿ ಮಾಡಿದ ಆ ಕಾನೂನನ್ನು ಹಾಗೇ 1969ರವರೆಗೆ ಇಟ್ಟುಕೊಂಡಿತು. ಶಿಬಿರದಿಂದ ಹೊರಬಂದ ಕೆಲವರು ಮತ್ತೆ ಅದೇ ಕಾನೂನಿನಡಿ ಜೈಲಿಗೆ ಹೋದರು. ಆ ಪ್ಯಾರಾಗ್ರಾಫ್ ಪೂರ್ತಿ ಅಳಿದದ್ದು 1994ರಲ್ಲಿ. ಯುದ್ಧದ ನಂತರದ ತೀರ್ಪುಗಳನ್ನು ರದ್ದು ಮಾಡಿದ್ದು 2017ರಲ್ಲಿ.

ಭಾರತದ ಕತೆಯಲ್ಲಿ ಹಾವು ಏಣಿ ಇನ್ನೂ ಸ್ಪಷ್ಟ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರು ಒಪ್ಪಿ ಇರುವ ಸಂಬಂಧಕ್ಕೆ 377 ಅನ್ವಯಿಸುವುದಿಲ್ಲ ಎಂದಿತು: ಏಣಿ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅದನ್ನು ತಿರುವಿಹಾಕಿತು: ಹಾವು. ಇಂಥವರು ಜನಸಂಖ್ಯೆಯ ತೀರಾ ಸಣ್ಣ ಪಾಲು ಎಂಬ ಮಾತೂ ಆ ತೀರ್ಪಿನಲ್ಲಿತ್ತು. ಸಣ್ಣ ಪಾಲಾದರೆ ಹಕ್ಕು ಸಣ್ಣದಾಗುತ್ತದೆಯೇ ಎಂದು ಯಾವ ಮಗುವಾದರೂ ಕೇಳೀತು. 2017ರ ಖಾಸಗಿತನದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಆ ತರ್ಕವನ್ನು ತಪ್ಪೆಂದಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಬಾಗಿಲು ತೆರೆದರು. ಚರಿತ್ರೆಯು ಇವರಿಗೂ ಇವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಕುಟುಂಬಗಳನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. ಹೈಕೋರ್ಟ್ ತೀರ್ಪಿನ ಮೇಲ್ಮನವಿ ನಡೆಯುವಾಗ, ನಮ್ಮ ಮಕ್ಕಳನ್ನು ಅಪರಾಧಿಗಳನ್ನಾಗಿ ಮಾಡಬೇಡಿ ಎಂದು ಕೇಳಿಕೊಂಡು ಅಪ್ಪ ಅಮ್ಮಂದಿರ ಒಂದು ಗುಂಪೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ನನ್ನ ಪ್ರಕಾರ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ದೃಶ್ಯ ಈ ಇಡೀ ಮೊಕದ್ದಮೆಯಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ 358ಕ್ಕೇ ಮುಗಿಯುತ್ತದೆ, 377 ಎಂಬ ಸಂಖ್ಯೆಯೇ ಅದರಲ್ಲಿಲ್ಲ.

ಕಳ್ಳ ಬಂದ ಎಂದು ಹೇಳಲು ಹೋದವನು

ದೇಶಗಳ ಕತೆ ಮಗುವಿಗೆ ಬೇಗ ಬೇಸರ ತರುತ್ತದೆ. ಒಬ್ಬ ಮನುಷ್ಯ ಬೇಕು.

ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞ ಯುದ್ಧದ ಕಾಲದಲ್ಲಿ ಜರ್ಮನ್ನರ ಗುಪ್ತಲಿಪಿ ಬಿಡಿಸಿದವರ ತಂಡದಲ್ಲಿ ಮುಖ್ಯನಾಗಿದ್ದ, ಕಂಪ್ಯೂಟರಿನ ಮೂಲ ಕಲ್ಪನೆ ಕೊಟ್ಟವರಲ್ಲಿ ಒಬ್ಬ. 1952ರಲ್ಲಿ ಅವನ ಮನೆಯಲ್ಲಿ ಕಳ್ಳತನವಾಯಿತು. ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ ಅವನಿಗೊಬ್ಬ ಗೆಳೆಯನಿದ್ದಾನೆ, ಇಬ್ಬರ ನಡುವೆ ಸಂಬಂಧವಿದೆ ಎಂದು ಗೊತ್ತಾಯಿತು. ಪೊಲೀಸರು ಕೋರ್ಟಿಗೆಳೆದದ್ದು ದೂರು ಕೊಟ್ಟವನನ್ನೇ. ಜೈಲು ಬೇಡವೆಂದರೆ ಹಾರ್ಮೋನು ಚಿಕಿತ್ಸೆಗೆ ಒಪ್ಪಬೇಕು ಎಂದರು, ಒಪ್ಪಿದ. 1954ರಲ್ಲಿ, 41ರ ವಯಸ್ಸಿನಲ್ಲಿ ತೀರಿಹೋದ. ಚಿಕ್ಕ ಮಗುವಿಗೆ ಕಳ್ಳತನದ ದೂರಿನವರೆಗೆ ಹೇಳಿದರೆ ಸಾಕು, ಉಳಿದ ಕೋಪ ಅದೇ ಮಾಡಿಕೊಳ್ಳುತ್ತದೆ.

2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಕ್ಷಮಾದಾನ ಕೊಟ್ಟರು. 2017ರ ಕಾನೂನು ಅಂಥದೇ ಕ್ಷಮಾದಾನವನ್ನು ತೀರಿಹೋದ ಸಾವಿರಾರು ಜನರಿಗೆ ವಿಸ್ತರಿಸಿತು. 2021ರಲ್ಲಿ ಐವತ್ತು ಪೌಂಡಿನ ನೋಟಿನ ಮೇಲೆ ಟ್ಯೂರಿಂಗ್ ಚಿತ್ರ ಬಂತು. ಕ್ಷಮೆ ಕೇಳುವುದಕ್ಕೂ ಕ್ಷಮಿಸುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಗೊತ್ತು. "ಅವನು ತಪ್ಪೇ ಮಾಡಿಲ್ಲ ಅಂದ್ಮೇಲೆ ಕ್ಷಮಿಸೋದು ಏನನ್ನ?" ಶಿಕ್ಷೆ ಅನುಭವಿಸಿ ಬದುಕಿ ಉಳಿದಿದ್ದ ವೃದ್ಧರೂ ಇದೇ ಪ್ರಶ್ನೆ ಕೇಳಿದರು, ನಮಗೆ ಬೇಕಾದ್ದು ಕ್ಷಮಾಪಣೆ, ಕ್ಷಮಾದಾನ ಅಲ್ಲ ಎಂದರು.

ಅಮೆರಿಕದ ಕತೆಯನ್ನು ಎಲ್ಲರೂ ಸ್ಟೋನ್‌ವಾಲ್‌ನಿಂದ ಶುರುಮಾಡುತ್ತಾರೆ: 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಒಂದು ಬಾರಿನ ಮೇಲೆ ಪೊಲೀಸ್ ದಾಳಿ, ಜನ ತಿರುಗಿಬಿದ್ದದ್ದು, ಮರುವರ್ಷ ಅದರ ನೆನಪಿಗೆ ನಡೆದ ಮೆರವಣಿಗೆ, ಅದರಿಂದ ಹುಟ್ಟಿದ, ಪ್ರೈಡ್ ಎಂಬ ವರ್ಷವರ್ಷದ ಮೆರವಣಿಗೆಗಳು. ಅದು ನಿಜವೇ. ಆದರೆ ಮಗುವಿಗೆ ನಾನು ಆರಿಸಿಕೊಳ್ಳುವುದು ಫ್ರ್ಯಾಂಕ್ ಕ್ಯಾಮೆನಿಯನ್ನು. ಖಗೋಳ ವಿಜ್ಞಾನಿ, ಸೈನ್ಯದ ನಕಾಶೆ ವಿಭಾಗದಲ್ಲಿ ಕೆಲಸ. ಸಲಿಂಗಪ್ರೇಮಿಗಳನ್ನು ಸರ್ಕಾರಿ ಕೆಲಸದಿಂದ ಹೊರಹಾಕಲು ಅಧ್ಯಕ್ಷ ಐಸೆನ್‌ಹೋವರ್‌ರ 1953ರ ಆದೇಶ ದಾರಿ ಮಾಡಿಕೊಟ್ಟಿತ್ತು. 1957ರಲ್ಲಿ ಕ್ಯಾಮೆನಿಗೂ ವಜಾ ಪತ್ರ ಬಂತು. ಸುಮ್ಮನೆ ಹೋದವರು ಸಾವಿರಾರು. ಈತ ಹೋಗಲಿಲ್ಲ, ಮೊಕದ್ದಮೆ ಹೂಡಿದ. ಅದು ಸೋತಾಗ 1965ರಲ್ಲಿ ಕೆಲವರನ್ನು ಕಟ್ಟಿಕೊಂಡು ಶ್ವೇತಭವನದ ಮುಂದೆ ಫಲಕ ಹಿಡಿದು ನಿಂತ. ಗಂಡಸರು ಸೂಟು ಟೈ, ಹೆಂಗಸರು ಸ್ಕರ್ಟು, ಆಫೀಸಿಗೆ ಹೊರಟವರ ಹಾಗೆ. ಕೆಲಸ ಕೇಳುವವರು ಕೆಲಸಕ್ಕೆ ತಕ್ಕಂತೆ ಕಾಣಬೇಕು ಎಂದು ಆತನೇ ಮಾಡಿದ ನಿಯಮ. 2009ರಲ್ಲಿ ಸರ್ಕಾರದ ಸಿಬ್ಬಂದಿ ಇಲಾಖೆ ಅಧಿಕೃತವಾಗಿ ಕ್ಷಮಾಪಣೆ ಪತ್ರ ಕೊಟ್ಟಿತು. ಒಂದು ಪತ್ರಕ್ಕೂ ಇನ್ನೊಂದಕ್ಕೂ ನಡುವೆ 52 ವರ್ಷ. ಆತನಿಗೆ 84 ಆಗಿತ್ತು.

ಇನ್ನೊಂದು ದೃಶ್ಯವಂತೂ ಮಕ್ಕಳಿಗೆಂದೇ ನಡೆದಂತಿದೆ. ಅಮೆರಿಕದ ಮನೋವೈದ್ಯರ ಸಂಘದ ಕಾಯಿಲೆಗಳ ಪಟ್ಟಿಯಲ್ಲಿ ಆಗಿನ್ನೂ ಸಲಿಂಗಪ್ರೇಮವಿತ್ತು. 1972ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಸಂಘದ ಸಭೆಯಲ್ಲಿ ಒಬ್ಬ ವೈದ್ಯ ವಿಚಿತ್ರ ಮುಖವಾಡ, ದೊಗಳೆ ಕೋಟು ತೊಟ್ಟು, ದನಿ ಬದಲಾಯಿಸುವ ಮೈಕಿನಲ್ಲಿ ಮಾತಾಡಿದ. ಹೆಸರು ಡಾಕ್ಟರ್ ಅನಾನಿಮಸ್, ಅಂದರೆ ಅನಾಮಿಕ ಡಾಕ್ಟರು. ನಾನು ಸಲಿಂಗಪ್ರೇಮಿ, ನಾನೂ ಮನೋವೈದ್ಯ ಎಂದ. ಕಾಯಿಲೆಯವರು ಎಂದು ನೀವು ಬರೆದಿಟ್ಟವರು ನಿಮ್ಮ ಪಕ್ಕದಲ್ಲೇ ಕೂತು ಇತರರಿಗೆ ಚಿಕಿತ್ಸೆ ಕೊಡುತ್ತಿದ್ದಾರೆ ಎಂಬುದು ಸಭೆಗೆ ಅರ್ಥವಾಯಿತು. 1973ರ ಡಿಸೆಂಬರಿನಲ್ಲಿ ಸಂಘ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಮುಖವಾಡದ ಹಿಂದಿದ್ದದ್ದು ಜಾನ್ ಫ್ರೈಯರ್. ಅದನ್ನು ತಾನೇ ಎಂದು ಬಹಿರಂಗವಾಗಿ ಹೇಳಿಕೊಳ್ಳಲು ಆತನಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.

ಏಡ್ಸ್ ಬಗ್ಗೆ ಏನು ಹೇಳುವುದು? ಒಂದು ಕಾಯಿಲೆ ಬಂತು, ತುಂಬ ಜನ ಸತ್ತರು, ಅವರನ್ನು ಮುಟ್ಟಲೂ ಕೆಲವರು ಹೆದರಿದರು. ಸತ್ತವರ ಗೆಳೆಯರು ಒಬ್ಬೊಬ್ಬರಿಗೂ ಒಂದೊಂದು ಬಟ್ಟೆಯ ತುಂಡು ಹೊಲಿದು, ಹೆಸರು ಬರೆದು, ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಕೌದಿ ಮಾಡಿದರು. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಅದನ್ನು ಹಾಸಿದಾಗ 1,920 ತುಂಡುಗಳಿದ್ದವು. ಒಂದೊಂದೂ ಮೂರಡಿ ಅಗಲ, ಆರಡಿ ಉದ್ದ. ಆ ಅಳತೆ ಯಾಕೆ ಎಂಬುದು ದೊಡ್ಡವರಿಗೆ ಹೊಳೆಯುತ್ತದೆ, ಮಗುವಿಗೆ ಹೆಸರುಗಳು ಸಾಕು.

ಹೆಸರು ಬರೆಸಿಕೊಂಡವರು

ಮದುವೆಯ ಹಕ್ಕಿನ ದಿನಾಂಕಗಳ ಪಟ್ಟಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆಕ್ಸಲ್ ಮತ್ತು ಐಗಿಲ್ ನೆನಪಿರುತ್ತಾರೆ. ಡೆನ್ಮಾರ್ಕಿನವರು. ಆಕ್ಸಲ್ 1948ರಲ್ಲಿ ಅಲ್ಲಿನ ಸಂಘಟನೆ ಕಟ್ಟಿದವರಲ್ಲಿ ಮುಖ್ಯ. ಇಬ್ಬರನ್ನೂ ಜೈಲಿಗೆ ಹಾಕಿದ್ದರು. ಆ ಕಾಲದಲ್ಲಿ ಅವರು ತಮ್ಮ ಹೆಸರುಗಳನ್ನು ಸೇರಿಸಿ ‘ಆಕ್ಸ್‌ಗಿಲ್’ ಎಂಬ ಹೊಸ ಅಡ್ಡಹೆಸರು ಮಾಡಿಕೊಂಡರು. ಮದುವೆಯ ಕಾಗದ ಯಾರೂ ಕೊಡದಿದ್ದಾಗ ತಾವೇ ಒಂದು ಹೆಸರು ಕಟ್ಟಿಕೊಂಡು ಹೊತ್ತು ತಿರುಗಿದರು. ನಾಲ್ಕು ದಶಕ ಜೊತೆಗಿದ್ದ ಮೇಲೆ, 1989ರ ಅಕ್ಟೋಬರ್ 1ರಂದು, ಸಲಿಂಗ ಜೋಡಿಗಳ ನೋಂದಣಿಗೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟ ಡೆನ್ಮಾರ್ಕಿನಲ್ಲಿ ಮೊದಲು ನೋಂದಾಯಿಸಿಕೊಂಡ ಜೋಡಿ ಅವರದ್ದು. ಮದುವೆ ಎಂದೇ ಕರೆದ ಮೊದಲ ದೇಶ ನೆದರ್ಲೆಂಡ್ಸ್, 2001ರ ಏಪ್ರಿಲ್ 1ರಂದು.

ಕಾಗದ ಯಾಕೆ ಬೇಕು, ಸುಮ್ಮನೆ ಒಟ್ಟಿಗಿರಬಹುದಲ್ಲ ಎಂದು ಮಗುವಿಗಿಂತ ಹೆಚ್ಚಾಗಿ ದೊಡ್ಡವರೇ ಕೇಳುತ್ತಾರೆ. ಜಿಮ್ ಓಬರ್‌ಗೆಫೆಲ್ ಮತ್ತು ಜಾನ್ ಆರ್ಥರ್ ಇದ್ದ ಓಹಾಯೋ ರಾಜ್ಯದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆಯಿರಲಿಲ್ಲ. ಜಾನ್‌ಗೆ ನರಗಳ ಕಾಯಿಲೆ, ಹಾಸಿಗೆ ಹಿಡಿದಿದ್ದ. 2013ರಲ್ಲಿ ವೈದ್ಯಕೀಯ ವಿಮಾನದಲ್ಲಿ ಮೇರಿಲ್ಯಾಂಡಿಗೆ ಹಾರಿದರು. ರನ್‌ವೇ ಪಕ್ಕದಲ್ಲಿ ನಿಂತ ವಿಮಾನದೊಳಗೇ ಮದುವೆಯಾಗಿ ಹಿಂತಿರುಗಿದರು. ಮೂರು ತಿಂಗಳಿಗೆ ಜಾನ್ ತೀರಿಕೊಂಡ. ಜಿಮ್ ಕೇಳಿದ್ದು ಒಂದೇ, ಮರಣ ಪ್ರಮಾಣಪತ್ರದಲ್ಲಿ ಸಂಗಾತಿಯ ಹೆಸರಿನ ಜಾಗದಲ್ಲಿ ನನ್ನ ಹೆಸರಿರಲಿ. ರಾಜ್ಯ ವಿರೋಧಿಸಿತು. ಆ ಒಂದು ಖಾಲಿ ಜಾಗದ ಜಗಳ 2015ರ ಜೂನ್ 26ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು, ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಸಲಿಂಗ ವಿವಾಹ ಮಾನ್ಯವಾಯಿತು.

ಏಷ್ಯಾದಲ್ಲಿ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ ಒಪ್ಪಿದವು. ಭಾರತದ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು. ಹಾಗಾಗಿ "ಕೆಲವು ದೇಶಗಳಲ್ಲಿ" ಎಂಬ ನಮ್ಮ ಮೊದಲ ಉತ್ತರ ಇನ್ನೂ ಹಾಗೆಯೇ ಉಳಿದಿದೆ.

ಮಕ್ಕಳಿಗೆ ಹೇಳಬೇಡಿ ಎಂಬ ಕಾಗದ

ಇಷ್ಟು ಹೊತ್ತು ಮಗುವನ್ನು ಕೇಳುಗನೆಂದು ಭಾವಿಸಿದ್ದೆವು. ಈ ಚರಿತ್ರೆಯಲ್ಲಿ ಮಗು ಪಾತ್ರವೂ ಹೌದು.

ಐದು ವರ್ಷದ ಹುಡುಗಿಯೊಬ್ಬಳು ತನ್ನ ಅಪ್ಪ ಮತ್ತು ಅವನ ಸಂಗಾತಿಯ ಜೊತೆ ಇರುವುದನ್ನು ಫೋಟೋಗಳಲ್ಲಿ ತೋರಿಸಿದ ಡ್ಯಾನಿಶ್ ಲೇಖಕಿಯೊಬ್ಬರ ಮಕ್ಕಳ ಪುಸ್ತಕ 1980ರ ದಶಕದಲ್ಲಿ ಇಂಗ್ಲಿಷಿಗೆ ಬಂತು. ಅದರಲ್ಲಿ ಬಟ್ಟೆ ಒಗೆಯುವುದು, ಹುಟ್ಟುಹಬ್ಬ, ಇಂಥವೇ. ಲಂಡನ್ನಿನ ಶಿಕ್ಷಕರ ಕೇಂದ್ರವೊಂದರಲ್ಲಿ ಅದರ ಪ್ರತಿ ಇದೆ ಎಂದು ಪತ್ರಿಕೆಗಳು ಕೂಗೆಬ್ಬಿಸಿದವು. ಅದೂ ಒಂದು ನೆಪವಾಗಿ 1988ರಲ್ಲಿ ಬ್ರಿಟನ್ನಿನಲ್ಲಿ ಸೆಕ್ಷನ್ 28 ಎಂಬ ಕಾನೂನು ಬಂತು: ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮವನ್ನು ‘ಉತ್ತೇಜಿಸಬಾರದು’, ಅದನ್ನು ಕುಟುಂಬವೆಂದು ‘ನಟಿಸುವ’ ಸಂಬಂಧವಾಗಿ ಶಾಲೆಯಲ್ಲಿ ಒಪ್ಪಿಸಬಾರದು. ಈ ಕಾನೂನಿನಡಿ ಯಾವ ಶಿಕ್ಷಕರಿಗೂ ಶಿಕ್ಷೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಹೆದರಿಕೆಯೇ ಕೆಲಸ ಮಾಡಿತು. ‘ಗೇ’ ಎಂದು ಬೈಸಿಕೊಂಡು ಅಳುತ್ತ ಬಂದ ಹುಡುಗನನ್ನು ಸಮಾಧಾನ ಮಾಡಿದರೂ ಉತ್ತೇಜಿಸಿದಂತಾದೀತೇ ಎಂದು ಶಿಕ್ಷಕರು ಬಾಯಿ ಮುಚ್ಚಿಕೊಂಡರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2003ರಲ್ಲಿ ಅದು ರದ್ದಾಯಿತು.

ಆ ವಿಚಾರ ರದ್ದಾಗಲಿಲ್ಲ. ರಷ್ಯಾ 2013ರಲ್ಲಿ ಅಪ್ರಾಪ್ತರ ನಡುವೆ ‘ಪ್ರಚಾರ’ ಮಾಡುವುದನ್ನು ನಿಷೇಧಿಸಿತು, 2022ರಲ್ಲಿ ನಿಷೇಧವನ್ನು ಎಲ್ಲ ವಯಸ್ಸಿನವರಿಗೂ ಹಬ್ಬಿಸಿತು. ಮಕ್ಕಳ ರಕ್ಷಣೆ ಎಂದು ಶುರುವಾದದ್ದು ಒಂಬತ್ತೇ ವರ್ಷದಲ್ಲಿ ದೊಡ್ಡವರ ಬಾಯಿಗೂ ಬೀಗ ಹಾಕಿತು. ಹಂಗೇರಿ 2021ರಲ್ಲಿ ಅದೇ ದಾರಿ ಹಿಡಿಯಿತು. 1921ರ ಮೇಲ್ಮನೆಯ ನಂಬಿಕೆ, ಹೇಳಿದರೆ ಹರಡುತ್ತದೆ ಎಂಬುದು, ಇನ್ನೂ ಕಾನೂನು ಬರೆಸುತ್ತಿದೆ. ಎರಡು ಅಪ್ಪಂದಿರ ಕತೆ ಕೇಳಿ ಯಾವ ಮಗುವೂ ಬದಲಾಗುವುದಿಲ್ಲ. ರಾಜಕುಮಾರ ರಾಜಕುಮಾರಿಯ ಕತೆಗಳನ್ನೇ ಕೇಳಿ ಬೆಳೆದ ಸಲಿಂಗಪ್ರೇಮಿಗಳೇ ಇದಕ್ಕೆ ಸಾಕ್ಷಿ.

2025ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು ಇದೇ ವಿಷಯದಲ್ಲಿ ಆರು ಮೂರರ ತೀರ್ಪು ಕೊಟ್ಟಿತು. ಮೇರಿಲ್ಯಾಂಡಿನ ಒಂದು ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಇಂಥ ಪಾತ್ರಗಳಿರುವ ಕತೆಪುಸ್ತಕ ಓದಿಸುತ್ತಿದ್ದರು. ನಮ್ಮ ಧರ್ಮಕ್ಕೆ ಒಪ್ಪದ್ದು, ಮಕ್ಕಳನ್ನು ಆ ಪಾಠದಿಂದ ಹೊರಗಿಡಲು ಬಿಡಿ ಎಂದು ಮುಸ್ಲಿಂ ಮತ್ತು ಕ್ರೈಸ್ತ ಪಾಲಕರು ಕೇಳಿದ್ದರು, ಕೋರ್ಟು ಅವರ ಪರ ನಿಂತಿತು. ಅವರ ಕಳವಳವನ್ನು ನಾನು ತಳ್ಳಿಹಾಕುವುದಿಲ್ಲ. ಮಗುವಿಗೆ ನಂಬಿಕೆಯನ್ನು ಕಲಿಸುವ ಹಕ್ಕು ಅಪ್ಪ ಅಮ್ಮನಿಗಿದೆ, ಶಾಲೆ ಅದನ್ನು ಗೇಲಿ ಮಾಡಬಾರದು. ಆದರೆ ಕತೆಪುಸ್ತಕ ತೆಗೆದಾಗ ಹತ್ತು ಮಕ್ಕಳು ಎದ್ದು ಹೊರಗೆ ಹೋದರೆ, ಇಬ್ಬರು ಅಮ್ಮಂದಿರ ಮಗು ಬೆಂಚಿನಲ್ಲಿ ಕೂತು ಅದನ್ನು ನೋಡುತ್ತದೆ. ನನಗೆ ಅದರ ಮುಖ ಮರೆಯುವುದು ಕಷ್ಟ.

ನಂಬಿಕೆಯ ಮನೆಗಳಲ್ಲೂ ಈ ಚರಿತ್ರೆ ಹೇಳಬಹುದು. "ನಮ್ಮ ಧರ್ಮ ಇದನ್ನು ಒಪ್ಪಲ್ಲ ಪುಟ್ಟ, ಆದರೆ ಇದಕ್ಕಾಗಿ ಯಾರನ್ನೂ ಜೈಲಿಗೆ ಹಾಕಬಾರದು, ಹೊಡೆಯಬಾರದು" ಎಂದು ಹೇಳುವ ಅಪ್ಪ ಅಮ್ಮಂದಿರಿದ್ದಾರೆ. ವುಲ್ಫೆಂಡನ್ ಸಮಿತಿ 1957ರಲ್ಲಿ ಹೇಳಿದ್ದೂ ಅಷ್ಟೇ: ಪಾಪ ಬೇರೆ, ಅಪರಾಧ ಬೇರೆ. ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಆಗಿನ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರೇ ಶಿಫಾರಸನ್ನು ಬೆಂಬಲಿಸಿದ್ದರು.

ಕೊನೆಗೆ ಮಗು ಭೂಪಟ ಕೇಳುತ್ತದೆ. ಈಗಲೂ ಎಲ್ಲಿ ಬೇಡ ಅಂತಾರೆ? 60ಕ್ಕೂ ಹೆಚ್ಚು ದೇಶಗಳಲ್ಲಿ. ಉಗಾಂಡಾ 2023ರಲ್ಲಿ ಹೊಸ ಕಾನೂನು ಮಾಡಿ ಕೆಲವು ಸಂದರ್ಭಗಳಿಗೆ ಮರಣದಂಡನೆ ಇಟ್ಟಿತು. ಕೆರಿಬಿಯನ್ ದ್ವೀಪದೇಶ ಟ್ರಿನಿಡಾಡ್‌ನಲ್ಲಿ 2018ರಲ್ಲಿ ಹೈಕೋರ್ಟು ಅಳಿಸಿದ್ದನ್ನು 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ ಬರೆಯಿತು. ವಸಾಹತು ಕಾಲದಿಂದ ಬಂದ ಹಳೆಯ ಕಾನೂನುಗಳನ್ನು ಕೋರ್ಟು ಮುಟ್ಟದಂತೆ ಅಲ್ಲಿನ ಸಂವಿಧಾನವೇ ಕಾಪಾಡುತ್ತದೆ ಎಂಬುದು ಕಾರಣ. ಬದಲಾಯಿಸುವುದಿದ್ದರೆ ಪಾರ್ಲಿಮೆಂಟು ಬದಲಾಯಿಸಲಿ ಎಂದಿತು.

"ಅದಕ್ಕಿಂತ ದೊಡ್ಡ ಕೋರ್ಟ್ ಇಲ್ವಾ?"

ಇದೆ. ಟ್ರಿನಿಡಾಡ್ ಸ್ವತಂತ್ರವಾಗಿ ಆರು ದಶಕ ಕಳೆದರೂ ಅದರ ಕಟ್ಟಕಡೆಯ ಮೇಲ್ಮನವಿ ಕೇಳುವುದು ಪ್ರಿವಿ ಕೌನ್ಸಿಲ್.

"ಅದು ಎಲ್ಲಿದೆ?"

ಲಂಡನ್ನಿನಲ್ಲಿ.

"ಮೊದಲು ತಪ್ಪು ಉತ್ತರ ಬರೆದ ಹುಡುಗನ ಮನೆಯಲ್ಲಾ?"

ಹೌದು ಪುಟ್ಟ, ಅವನ ಮನೆಯಲ್ಲೇ.